ಟೂಟಿ ಆಯಿಲ್ ಇಟ್ಟುಕೊಳ್ಳುವ ಕುರಿತು ಸದಸ್ಯರ ಗಮನಕ್ಕೆ
ಮಾನ್ಯ ಸದಸ್ಯರೇ, ದ್ರಾಕ್ಷಿ ತೋಟದ ಪವರ್ ಸ್ಪ್ರೇಯರ್‌ಗಳಿಗೆ ಬಳಸುವ ಟೂಟಿ (2T) ಆಯಿಲ್, ಅಂದರೆ ಟೂ-ಸ್ಟ್ರೋಕ್ ಎಂಜಿನ್‌ನ ಪೆಟ್ರೋಲಿಗೆ ಬೆರೆಸುವ ಎಣ್ಣೆ, ಡಬ್ಬಿಯ ಸೀಲ್ ಒಡೆಯದಿದ್ದರೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಕೆಡುವುದಿಲ್ಲ. ಒಡೆದ ಮೇಲೆ ಮುಚ್ಚಳ ಬಿಗಿಯಾಗಿದ್ದರೂ ಎರಡು ವರ್ಷದೊಳಗೆ ಬಳಸಿ ಮುಗಿಸುವುದು ಲೇಸು. ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡು ಕಾದ ಹಂಚಿನಂತಾಗುವುದರಿಂದ ಡಬ್ಬಿಯನ್ನು ಅಲ್ಲಿಡದೆ, ನೆರಳಿರುವ, ತೇವವಿಲ್ಲದ ಕೋಣೆಯಲ್ಲಿ ಇಡಬೇಕು. ಮುಚ್ಚಳ ಸಡಿಲವಾಗಿದ್ದ ನನ್ನ ಹಳೆಯ ಡಬ್ಬಿಯೊಂದರಲ್ಲಿ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ನೀರು ಸೇರಿದ್ದರ ಗುರುತು ಅದು, ಅಂಥದ್ದನ್ನು ಎಂಜಿನ್‌ಗೆ ಹಾಕಬಾರದು. ವಾಸ್ತವವಾಗಿ ಬೇಗ ಕೆಡುವುದು ಆಯಿಲ್ ಅಲ್ಲ, ಪೆಟ್ರೋಲ್ ಜೊತೆ ಬೆರೆಸಿಟ್ಟ ಮಿಶ್ರಣ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಒಂದು ತಿಂಗಳೊಳಗೆ ಮುಗಿಯುವಷ್ಟನ್ನು ಮಾತ್ರ, ಯಂತ್ರದ ಪುಸ್ತಿಕೆಯಲ್ಲಿ 25:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಲೆಕ್ಕದಲ್ಲಿ ಬೆರೆಸಿಕೊಳ್ಳಬೇಕೆಂದು ವಿನಂತಿ.