ಐದು ಗುಂಡಿನ ಲೆಕ್ಕ ಸಾಲದು

ಸೂಲ್, ಜರ್ಮನಿ

ಅಪ್ಪ ಅಮ್ಮನಿಗೆ ನಮಸ್ಕಾರಗಳು. ಪುಟ್ಟಿಗೆ ಪ್ರೀತಿ.

ಗುಂಡು ಹಾರಿಸೋ ಕಡೆ ಕೆಲಸ ಅಂದಾಗಿನಿಂದ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲವಂತೆ, ಪುಟ್ಟಿ ಹೇಳಿದಳು. ಅಮ್ಮ, ಇದು ಯುದ್ಧದ ಸಾಮಾನಲ್ಲ. ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆ ಇರುತ್ತದಲ್ವಾ, ಆ ಆಟದ ಗುಂಡುಗಳು. ನಾನು ಬಂದೂಕು ಮುಟ್ಟುವುದೂ ಇಲ್ಲ. ಗುಂಡಿನ ವೇಗದ ಅಂಕಿಗಳನ್ನು ನೋಡಿ, ಯಾವ ಲಾಟ್, ಅಂದರೆ ಒಟ್ಟಿಗೆ ತಯಾರಾದ ಯಾವ ಗುಂಡುಗಳ ಕಂತು, ಚೆನ್ನಾಗಿದೆ ಅಂತ ಹೇಳುವುದಷ್ಟೇ ನನ್ನ ಕೆಲಸ.

ವೇಗ ಅಳೆಯುವುದು ಒಂದು ಪುಟ್ಟ ರೇಡಾರ್. ಬಂದೂಕಿನ ಪಕ್ಕ ಮೇಜಿನ ಮೇಲೆ ಕೂತಿರುತ್ತದೆ. ಪುಟ್ಟಿ, ನಿನ್ನ ಫಿಸಿಕ್ಸ್ ಪುಸ್ತಕದ ಡಾಪ್ಲರ್ ಪರಿಣಾಮವೇ ಇಲ್ಲಿರುವುದು. 24 ಗಿಗಾಹರ್ಟ್ಸ್ ಅಲೆ ಹೋಗಿ, ಓಡುವ ಗುಂಡಿಗೆ ತಾಗಿ ವಾಪಸ್ ಬರುತ್ತದೆ. ಗುಂಡು ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ದೂರ ಹೋಗುತ್ತಿದ್ದರೆ, ವಾಪಸ್ ಬಂದ ಅಲೆಯ ಆವರ್ತನ ಸುಮಾರು 51 ಕಿಲೋಹರ್ಟ್ಸ್ ಕಡಿಮೆ ಇರುತ್ತದೆ. ನೀನೇ ಲೆಕ್ಕ ಹಾಕಿ ನೋಡು. ಎರಡರಿಂದ ಗುಣಿಸುವುದನ್ನು ಮರೆಯಬೇಡ, ಅಲೆ ಹೋಗಿ ಬರಬೇಕಲ್ಲ.

ಅಪ್ಪ, ಇನ್ನು ನಿಮ್ಮ ವಿಷಯ. ಮಂಡಿಯಲ್ಲಿ ಮೇಲಿನ ಎರಡು ಬಾಕ್ಸ್ ನೋಡಿ ಇಡೀ ಲೋಡ್ ಟೊಮ್ಯಾಟೊಗೆ ರೇಟ್ ಕೂಗುತ್ತಾರೆ ಅಂತ ನಿಮಗೆ ಸಿಟ್ಟು ಬರುತ್ತಿತ್ತು. ಇಲ್ಲೂ ಅದೇ ನಡೆಯುತ್ತದೆ. ಐದು ಗುಂಡು ಹೊಡೆದು, ವೇಗದ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸೆಕೆಂಡಿಗೆ 3 ಮೀಟರ್ ಅಂತ ಬಂದರೆ ಸಾಕು, ಲಾಟ್ ಚೆನ್ನಾಗಿದೆ ಅಂದುಬಿಡುತ್ತಾರೆ. ಆದರೆ ಐದೇ ಗುಂಡಿನ ಲೆಕ್ಕದಲ್ಲಿ ನಿಜವಾದ ಏರುಪೇರು 1.8ರಿಂದ 8.6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೂವತ್ತು ಗುಂಡು ಹೊಡೆದು ಅದೇ 3 ಬಂದರೆ, 2.4ರಿಂದ 4ರ ಒಳಗೆ ಅಂತ ಧೈರ್ಯವಾಗಿ ಹೇಳಬಹುದು. ಅಷ್ಟು ಹೊತ್ತಿಗೆ ಐದು ಗುಂಡಿಗೆ ಚೆನ್ನಾಗಿ ಕಂಡ ಲಾಟ್ ಹಿಂದೆ ಬಿದ್ದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ವೇಗ ಸೆಕೆಂಡಿಗೆ 10 ಮೀಟರ್ ಕಡಿಮೆಯಾದರೆ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 8 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್. ವರ್ಷಗಟ್ಟಲೆ ಅಭ್ಯಾಸ ಮಾಡಿದ ಹುಡುಗಿ ಸರಿಯಾಗಿ ಗುರಿಯಿಟ್ಟರೂ ಗುಂಡು ಅವಳ ಕೈ ಬಿಡುತ್ತದೆ. ಅದು ಅನ್ಯಾಯ ಅಲ್ವಾ?

ಕೆಲವರು ಕೆಟ್ಟ ಅಂಕಿಯನ್ನು ಸುಮ್ನೆ ಅಳಿಸಿಬಿಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ರೇಡಾರ್ ಪಕ್ಕದ ಸಾಲಿನ ಗುಂಡನ್ನು ಹಿಡಿದಿದ್ದರೆ ಮಾತ್ರ ತೆಗೆಯಬೇಕು, ಅದನ್ನೂ ಸಮಯ ತಾಳೆ ನೋಡಿದ ಮೇಲೆ. ಇಲ್ಲದಿದ್ದರೆ ಆ ನಿಧಾನದ ಗುಂಡೂ ಲಾಟ್‌ನದ್ದೇ.

ಮುಂದಿನ ಲೋಡ್ ಕಳಿಸುವಾಗ ಮಧ್ಯದ ಬಾಕ್ಸ್‌ಗಳನ್ನೂ, ತಳದ್ದನ್ನೂ ಬಿಚ್ಚಿ ನೋಡಿ ಅಂತ ನೀವೇ ಕೇಳಿ ಅಪ್ಪ. ನಿಮ್ಮ ಮಾಲು ಮೇಲೆ ಹೇಗೋ ಕೆಳಗೂ ಹಾಗೇ ಇರುತ್ತದೆ. ರೇಟ್ ಎಷ್ಟು ಕೂಗಿದರು ಅಂತ ಪುಟ್ಟಿ ಕೈಯಲ್ಲಿ ಬರೆಸಿ.

ಇಂತಿ ನಿಮ್ಮ ಮಗ