ಜೀಪಿಗೆ ನೀರು ಕುಡಿಸಿದರೆ ಡೀಸೆಲ್ ಉಳಿಯುತ್ತಾ?

ಸಂಪಾದಕರೇ,

ಮೊನ್ನೆ ಕುಶಾಲನಗರದ ಸಂತೆಗೆ ಹೋದಾಗ ಒಬ್ಬರು ನನ್ನ ಹಳೇ ಜೀಪಿಗೆ ನೀರಿನ ಕಿಟ್ ಹಾಕಿಸಿ ಅಂತ ಗಂಟುಬಿದ್ದರು. ಬ್ಯಾಟರಿ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ ಇಂಜಿನ್ನಿಗೆ ಬಿಟ್ಟರೆ ಅರ್ಧ ಡೀಸೆಲ್ ಉಳಿಯುತ್ತದಂತೆ. ಆ ಕರೆಂಟು ಬರುವುದು ಆಲ್ಟರ್ನೇಟರಿನಿಂದ, ಅದನ್ನು ತಿರುಗಿಸುವುದು ಅದೇ ಡೀಸೆಲ್ ಅಲ್ವಾ? ಹಾಕಿದಷ್ಟು ಶಕ್ತಿಯೂ ವಾಪಸ್ ಬರುವುದಿಲ್ಲ.

ಹಾಗಂತ ನೀರಿನ ಮಾತೆಲ್ಲ ಬುರುಡೆಯಲ್ಲ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ, 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರಿನಲ್ಲಿ ನೀರು ಚಿಮುಕಿಸಿ, ಒಳಹೋಗುವ ಗಾಳಿ ತಣಿಸಿ, ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಇಂಜಿನ್ ಬಡಿದುಕೊಳ್ಳುವುದು) ತಡೆದು ಜಾಸ್ತಿ ಪವರ್ ತೆಗೆದರು. ಅಲ್ಲಿ ನೀರು ಇಂಧನವಲ್ಲ, ತಂಪು ಮಾಡುವುದಷ್ಟೇ ಅದರ ಕೆಲಸ. ಸಂಪಾಜೆ ಘಾಟಿ ಹತ್ತುವ ನಮ್ಮ ಜೀಪಿಗೆ ಮೊದಲು ಏರ್ ಫಿಲ್ಟರ್, ಟೈರಿನ ಗಾಳಿ ನೋಡಿಸೋಣ. ಮಳೆಗಾಲದಲ್ಲಿ ನೀರು ಹೇಗೂ ಸುಮ್ನೆ ಒಳಗೆ ಬರುತ್ತೆ!

– ಒಬ್ಬ ಕಾಫಿ ಬೆಳೆಗಾರ, ಸುಂಟಿಕೊಪ್ಪ