ಬಿದ್ದವರನ್ನು ಕಂಡು ನಗುವುದಷ್ಟೇ ಆಟವೇ?

ಮಾನ್ಯರೇ,

ಅಡೆತಡೆಗಳ ದೈತ್ಯ ಅಂಗಳದಲ್ಲಿ ಸ್ಪರ್ಧಿಗಳನ್ನು ಓಡಿಸುವ ಟಿ.ವಿ. ಆಟಗಳೆಂದರೆ ಕೆಸರಿಗೆ ಬಿದ್ದವರನ್ನು ಕಂಡು ನಗುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. 1986ರಲ್ಲಿ ಆರಂಭವಾದ ಜಪಾನಿನ ‘ತಾಕೇಶಿಸ್ ಕ್ಯಾಸಲ್’ ಹಾಗೆಯೇ ಇತ್ತು; ಅದನ್ನು ನೋಡಿ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನೇ. ಆದರೆ ಅದೇ ದೇಶದಲ್ಲಿ 1997ರಲ್ಲಿ ಶುರುವಾದ ‘ಸಾಸುಕೆ’ಯ ಗತ್ತೇ ಬೇರೆ. 100 ಸ್ಪರ್ಧಿಗಳು, ನಾಲ್ಕು ಹಂತ. ಎಷ್ಟೋ ಸಲ ಒಬ್ಬರೂ ಕೊನೆ ಮುಟ್ಟುವುದಿಲ್ಲ. ಬಾಗಿದ ಗೋಡೆಯತ್ತ ಓಡಿ, ಅಂಚಿಗೆ ಎರಡೇ ಬೆರಳು ತಾಗಿಸಿ, ಸರ್ರನೆ ಕೆಳಕ್ಕೆ ಜಾರಿ, ಮತ್ತೆ ಹಿಂದೆ ಸರಿದು ಓಟ ಕೀಳುವವನನ್ನು ನೋಡಿದರೆ ನಗು ಎಲ್ಲಿಂದ ಬರಬೇಕು? 1999ರಲ್ಲಿ ನಾಲ್ಕೂ ಹಂತಗಳನ್ನು ಮೊದಲು ಪೂರ್ತಿಗೊಳಿಸಿದ ಕಜುಹಿಕೊ ಅಕಿಯಾಮ ಏಡಿ ಹಿಡಿಯುವ ಕಸುಬಿನವರಾಗಿದ್ದರು!

ಇದೇ ಮಾದರಿಯ ಅಡೆತಡೆ ಓಟ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ಎಂಬ ಐದು ಆಟಗಳ ಸ್ಪರ್ಧೆಯಲ್ಲಿ ಕುದುರೆ ಸವಾರಿಯ ಜಾಗಕ್ಕೆ ಬರುತ್ತಿದೆ. ಹೀಗಿರುವಾಗ ಇಂಥ ಆಟಗಳನ್ನು ಪ್ರಸಾರ ಮಾಡುವ ವಾಹಿನಿಗಳು ಬಿದ್ದ ದೃಶ್ಯವನ್ನೇ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿ, ಮೇಲೆ ನಗುವಿನ ಸದ್ದು ಸುರಿಯುವುದೇಕೆ? ಕೈ ಎಲ್ಲಿ ಜಾರಿತು, ಮುಂದಿನವರು ಅದೇ ಜಾಗವನ್ನು ಹೇಗೆ ದಾಟಿದರು ಎಂಬುದನ್ನೂ ತೋರಿಸಲಿ.

– ಒಬ್ಬ ವೀಕ್ಷಕ